ಅಕ್ಕೋರು ಡೇರೆ ಬಿಚ್ಚಲಿಲ್ಲ

ಹೋದ ವಾರ ಶಾಲೆಯ ಅಂಗಳದಲ್ಲಿ ಡೇರೆಗಳನ್ನು ಬಿಸಿಲಿಗೆ ಹರವಿದೆವು. ವರ್ಷವಿಡೀ ಮಡಿಚಿಟ್ಟಿದ್ದ ಬಟ್ಟೆ ಬಿಡಿಸಿದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಜೊತೆಯ ಶಿಕ್ಷಕಿಯರು ಸೆರಗು ಮುಚ್ಚಿಕೊಂಡು ದೂರ ಸರಿದರು. ನಾನು ಅಲ್ಲೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಅಕ್ಕೋರು ಪಕ್ಕದಲ್ಲೇ ಬಂದು ನಿಂತಂತಾಯಿತು...

ನಮ್ಮೂರ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಿದ್ದರು. ಎಂಟನೆಯ ತರಗತಿಯಲ್ಲಿ ನಮಗೆ ವಿಜ್ಞಾನ ಕಲಿಸಿದವರೂ ನಮ್ಮ ಪಾಲಿಗೆ ಬರೀ ಅಕ್ಕೋರು. ಸೊರಬದ ಕಡೆಯವರು, ಶಿಕಾರಿಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದರು. ಕುಳ್ಳಗಿನ ಹೆಂಗಸು, ನಡಿಗೆ ಮಾತ್ರ ಬಿರುಸು. ಪಾಠದ ನಡುವೆ ಕಿಟಕಿಯಾಚೆ ಹಕ್ಕಿ ಕೂಗಿದರೆ ಸೀಮೆಸುಣ್ಣ ಕೆಳಗಿಟ್ಟು ಕಿವಿಗೊಡುತ್ತಿದ್ದರು. ಅದು ಮುಗಿಯುವವರೆಗೆ ನಾವೂ ಉಸಿರೆತ್ತುತ್ತಿರಲಿಲ್ಲ.

ಆ ವರ್ಷ ದಸರಾ ರಜೆ ಮುಗಿದ ಮೇಲೆ, ಹುಡುಗಿಯರನ್ನು ಗುಡವಿ ಪಕ್ಷಿಧಾಮಕ್ಕೆ ಕರೆದೊಯ್ದು ಡೇರೆ ಹಾಕಿ ಎರಡು ದಿನ ಇರಿಸುತ್ತೇನೆ ಎಂದು ಹೊರಟರು. ಹಕ್ಕಿಗಳು ಕೆರೆ ಬಿಟ್ಟು ಏಳುವ ಹೊತ್ತಿಗೆ ನಾವು ಅಲ್ಲಿರಬೇಕು, ಬಿಸಿಲೇರಿದ ಮೇಲೆ ಹೋಗಿ ನೋಡುವುದೇನು ಎನ್ನುವುದು ಅವರ ವಾದ. ಅಲ್ಲಿಯವರೆಗೆ ಊರಿನ ಗಂಡುಮಕ್ಕಳ ಶಾಲೆಯವರಿಗೆ ಮಾತ್ರ ಶಿಬಿರ. ನಮ್ಮ ಶಾಲೆಯ ಹುಡುಗಿಯರಿಗೆ ಹೊತ್ತು ಮುಳುಗುವುದರೊಳಗೆ ಮನೆ ಸೇರುವ ಪ್ರವಾಸ. ಹೆಡ್‌ಮಾಸ್ತರರು ಬೇಡವೆನ್ನಲಿಲ್ಲ. ಆದರೆ ಎಲ್ಲರ ಮನೆಯಿಂದಲೂ ಒಪ್ಪಿಗೆ ಬೇಕು, ಒಂದು ದೂರು ಬಂದರೂ ಇದೇ ಮೊದಲು, ಇದೇ ಕೊನೆ ಎಂದರು.

ಅಕ್ಕೋರು ಒಂದೊಂದೇ ಮನೆಗೆ ನಡೆದರು. ತಾಳಗುಂದದ ಹತ್ತಿರದ ನಮ್ಮ ಹಳ್ಳಿಗೆ ಬಂದಾಗ ಎಂಟು ಮನೆಯವರು ಒಪ್ಪಿಯಾಗಿತ್ತು. ಅಪ್ಪ ಅಜ್ಜಿಯ ಮುಖ ನೋಡಿದ. ಅರವತ್ತು ದಾಟುವವರೆಗೂ ಕುರಿ ಹಿಂಡಿನ ಹಿಂದೆ ಊರೂರು ತಿರುಗಿದವಳು ನನ್ನ ಅಜ್ಜಿ. ಅವಳು ಆಗುವುದಿಲ್ಲ ಎಂದಳು. ಅಕ್ಕೋರು ಎದ್ದು ಹೋಗಲಿಲ್ಲ. ಕೊಟ್ಟ ಚಹಾ ನಿಧಾನಕ್ಕೆ ಕುಡಿದು, ನಿಮಗೆ ಯಾವುದರ ಹೆದರಿಕೆ ಎಂದು ಕೇಳಿದರು.

"ಕಾಡಿಂದಲ್ರಿ ಅಕ್ಕೋರೆ. ಕುರಿ ಜೊತಿ ಬಯಲಾಗ ಮಲಗಿದಾಕಿ ನಾನು. ಮಂದಿ ಬಾಯಿದು ಹೆದರಿಕಿ."

"ಹಾಗಾದ್ರೆ ನೀವೇ ಬಂದ್ಬಿಡಿ ಅಮ್ಮ. ನಂಗೂ ಡೇರೆ ಹಾಕಿ ಅಭ್ಯಾಸ ಇಲ್ಲ. ನೀವಿದ್ರೆ ಧೈರ್ಯ."

ಹೊರಡುವ ಮುಂಜಾನೆ ನೋಡಿದರೆ ನನಗಿಂತ ಮೊದಲು ಅಜ್ಜಿಯ ಕಂಬಳಿಯ ಸುರುಳಿ ಬಾಗಿಲಲ್ಲಿತ್ತು.

ಗುಡವಿಯ ಸಿಬ್ಬಂದಿ ಪಕ್ಷಿಧಾಮದ ಗೇಟಿನ ಹತ್ತಿರ ಬಯಲು ಜಾಗ ತೋರಿಸಿದರು. ಗಂಡುಮಕ್ಕಳ ಶಾಲೆಯಿಂದ ಎರವಲು ತಂದ ಮೂರು ಡೇರೆ ಎದ್ದವು. ವೀಕ್ಷಣಾ ಗೋಪುರ ಹತ್ತಿದರೆ, ನೀರಿನೊಳಗೇ ನಿಂತ ಮರಗಳ ತುಂಬ ಬೆಳ್ಳಗೆ ಹಕ್ಕಿಗಳು. ಎಣಿಸಲು ಹೋಗಿ ಮತ್ತೆ ಮತ್ತೆ ತಪ್ಪಿದೆವು.

ಮಧ್ಯಾಹ್ನ ಊಟ ಆಗಿತ್ತಷ್ಟೇ, ಮಳೆ ಹಿಡಿಯಿತು. ಒಂದು ಡೇರೆ ಕುಸಿದು ಬಿತ್ತು. ಹಾಸಿಗೆ ನೆನೆಯಿತು, ಅಕ್ಕಿಚೀಲಕ್ಕೂ ನೀರು ಹೋಯಿತು. ಅಜ್ಜಿ ಸೀರೆ ಎತ್ತಿ ಕಟ್ಟಿ ಗುದ್ದಲಿ ಕೇಳಿ ತಂದಳು. ಡೇರೆಯ ಸುತ್ತ ಗೇಣಾಳದ ಕಾಲುವೆ ತೆಗೆಯುವುದನ್ನು ಅಕ್ಕೋರಿಗೂ ನಮಗೂ ತೋರಿಸಿಕೊಟ್ಟಳು. ಅರ್ಧ ಅಗೆದಿದ್ದೆವು. ಅಷ್ಟರಲ್ಲಿ ಹೆಡ್‌ಮಾಸ್ತರರು ಕಳಿಸಿದ ಟೆಂಪೋ ಬಂತು. ಮಕ್ಕಳನ್ನು ಕರೆದುಕೊಂಡು ಕೂಡಲೇ ಬನ್ನಿ ಎಂಬ ಚೀಟಿಯನ್ನು ಚಾಲಕ ಅಕ್ಕೋರ ಕೈಗೆ ಕೊಟ್ಟ.

ಮುಚ್ಚಿಡುವುದೇಕೆ, ನನ್ನ ಒಂದು ಕಾಲು ಆಗಲೇ ಟೆಂಪೋದ ಮೆಟ್ಟಿಲ ಮೇಲಿತ್ತು. ಚಳಿಗೆ ಹಲ್ಲು ಕಟಕಟಿಸುತ್ತಿತ್ತು, ಅಮ್ಮ ಬೇಕೆನಿಸಿತ್ತು. ಅಕ್ಕೋರು ಚೀಟಿ ಓದಿ, ನಮ್ಮನ್ನೆಲ್ಲ ಹತ್ತಿರ ಕರೆದರು. ಮುಖದ ಮೇಲೆ ಮಳೆನೀರು ಇಳಿಯುತ್ತಿತ್ತು. ಸ್ವರ ಪಾಠದ ಹೊತ್ತಿನ ಸ್ವರವೇ.

"ಹೋಗ್ಬೇಕು ಅನ್ನಿಸಿದವ್ರು ಹತ್ತಿ. ನಾನು ಬೇಜಾರು ಮಾಡ್ಕೊಳಲ್ಲ. ಆದ್ರೆ ಒಬ್ಳು ಉಳಿದ್ರೂ ನಾನು ಡೇರೆ ಬಿಚ್ಚಲ್ಲ."

ಅಜ್ಜಿ ಗುದ್ದಲಿ ನಿಲ್ಲಿಸದೆಯೇ ಚಾಲಕನಿಗೆ ಹೇಳಿದಳು, "ನಾವು ಬರಾಂಗಿಲ್ಲಪ್ಪ. ಇನ್ನೂ ಕಾಲುವಿ ಮುಗದಿಲ್ಲ."

ಮೈ ಬಿಸಿಯಾಗಿದ್ದ ಒಬ್ಬ ಹುಡುಗಿಯನ್ನು ಅಕ್ಕೋರೇ ತಮ್ಮ ಶಾಲು ಹೊದಿಸಿ ಟೆಂಪೋ ಹತ್ತಿಸಿದರು. ಜೊತೆಗೆ ಬಂದಿದ್ದ ಶಾಲೆಯ ಆಯಾ ಅವಳ ಪಕ್ಕ ಕೂತಳು. ನಾನು ಮೆಟ್ಟಿಲಿಂದ ಕಾಲು ತೆಗೆದೆ. ಎಂಟು ಜನ ಉಳಿದೆವು. ಸಂಜೆಗೆ ಮಳೆ ಹೊಳವಾಯಿತು. ಕಾಲುವೆ ಮುಗಿದ ಮೇಲೆ ಡೇರೆಯೊಳಗೆ ಮತ್ತೆ ಒಂದು ಹನಿ ನೀರೂ ನುಗ್ಗಲಿಲ್ಲ.

ಮರುದಿನ ಬೆಳಕು ಹರಿಯುವಾಗ ಗೋಪುರದ ಮೇಲಿದ್ದೆವು. ಮೊದಲು ಒಂದು ಮರ ಅಲುಗಿತು, ಆಮೇಲೆ ಇಡೀ ಕೆರೆಯೇ ಎದ್ದು ನಮ್ಮ ತಲೆಯ ಮೇಲಿಂದ ಹಾದುಹೋಯಿತು. ಪಾಠ ಹೇಳಲೆಂದೇ ಕರೆತಂದಿದ್ದ ಅಕ್ಕೋರು ಒಂದು ಮಾತೂ ಆಡಲಿಲ್ಲ. ಅಳುತ್ತಿದ್ದರು ಎಂದು ಅಜ್ಜಿ ಆಮೇಲೆ ಮನೆಯಲ್ಲಿ ಹೇಳಿದಳು. ನಾನು ಹಕ್ಕಿ ನೋಡುವುದರಲ್ಲಿ ಅದನ್ನು ನೋಡಲೇ ಇಲ್ಲ...

ಶಾಲೆಗೆ ಮರಳಿದ ಮೇಲೆ ಹೆಡ್‌ಮಾಸ್ತರರು ಬರಹದಲ್ಲಿ ವಿವರಣೆ ಕೇಳಿದರು. ಅಕ್ಕೋರು ಎರಡು ಪುಟ ಬರೆದು ಸಹಿ ಹಾಕಿದರು. ಅದರ ಕೆಳಗೆ, ಯಾರೂ ಕೇಳದಿದ್ದರೂ, ಅಜ್ಜಿ ಹೆಬ್ಬೆಟ್ಟು ಒತ್ತಿ ಬಂದಳು. ದೂರು ಒಂದೂ ಬರಲಿಲ್ಲ. ಮರುವರ್ಷ ಮೂರು ಡೇರೆ ಸಾಲದೆ ಹೋದವು. ಅದರ ಮುಂದಿನ ವರ್ಷ ಅಕ್ಕೋರಿಗೆ ವರ್ಗವಾಯಿತು. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ನಾನೇ ಉತ್ತರ ಬರೆಯುವುದನ್ನು ಬಿಟ್ಟೆ.

ಈಗ ನಾನೂ ವಿಜ್ಞಾನದ ಶಿಕ್ಷಕಿ. ಈ ಸಲದ ಗುಡವಿ ಶಿಬಿರಕ್ಕೆ ಅವರನ್ನು ಕರೆಯಬೇಕೆಂದು, ಹಳೆಯ ಗೆಳತಿಯರನ್ನು ವಿಚಾರಿಸಿ ಫೋನ್ ನಂಬರ್ ಹುಡುಕಿಸಿದೆ. ಮೊನ್ನೆ ಸಿಕ್ಕಿತು, ಕರೆ ಮಾಡಿದೆ. ಎತ್ತಿದವರು ಅವರ ಮಗಳು. ಅಮ್ಮ ತೀರಿಕೊಂಡು ಎರಡು ತಿಂಗಳಾಯಿತು ಎಂದರು. ಏನು ಕೆಲಸವಿತ್ತು ಎಂದು ಕೇಳಿದರು. ಅವರ ಹತ್ತಿರ ಓದಿದವಳು ಎಂದಷ್ಟೇ ಹೇಳಿ ಫೋನ್ ಇಟ್ಟೆ.

ನಿನ್ನೆ ತರಗತಿಯಲ್ಲಿ ಶಿಬಿರಕ್ಕೆ ಹೆಸರು ಬರೆದುಕೊಳ್ಳುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಳಿ ಬಂದ್ರ ವಾಪಸ್ ಬಂದ್ಬಿಡ್ತೀವೇನ್ರಿ ಮಿಸ್?"

ಇಲ್ಲ ಎಂದೆ. ಅವಳ ಹೆಸರು ಬರೆದುಕೊಂಡೆ.