ಹಸಿಯಾಗಿ ಮಾರಿದ ಅರ್ಧ ಕಾಯಿ

ಕಣಕಟ್ಟೆಯ ನಮ್ಮ ಮನೆಯಲ್ಲಿ ತೆಂಗಿನಕಾಯಿಯನ್ನು ಹಸಿಯಾಗಿ ಮಾರುವ ಪದ್ಧತಿಯಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿಯಾದ ಮೇಲೆಯೇ ಅರಸೀಕೆರೆಯ ಮಾರುಕಟ್ಟೆಗೆ ಒಯ್ಯುತ್ತೇವೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆ ಧೈರ್ಯದಿಂದಲೇ ಕಳೆದ ವರ್ಷ, ಫಸಲಿನ ಅರ್ಧದಷ್ಟು ಕಾಯಿಯನ್ನಾದರೂ ಹಸಿಯಾಗಿ ಮಾರಿ ಹಣವನ್ನು ಮ್ಯೂಚುವಲ್ ಫಂಡಿನಲ್ಲಿ ತೊಡಗಿಸಬೇಕೆಂದು ಅಪ್ಪನಿಗೆ ಸಲಹೆ ನೀಡಿದೆ. ಅವರು ಮರುಮಾತಾಡದೆ ಒಪ್ಪಿದರು.

ಈ ವರ್ಷ ಕೊಬ್ಬರಿಯ ಧಾರಣೆ ಏರಿತು, ಫಂಡಿನ ಮೌಲ್ಯ ಕುಸಿಯಿತು. ಹಲವು ವಾರ ಈ ಸಂಗತಿಯನ್ನು ಮುಚ್ಚಿಟ್ಟೆ. ನಷ್ಟಕ್ಕಿಂತಲೂ, ಅಪ್ಪ ಇನ್ನು ನನ್ನ ಮಾತನ್ನು ನಂಬಲಾರರೆಂಬ ಭಯವೇ ನನ್ನನ್ನು ಹೆಚ್ಚಾಗಿ ಕಾಡುತ್ತಿತ್ತು. ಕೊನೆಗೆ, ಅವರು ಅಟ್ಟದಿಂದ ಕಾಯಿ ಇಳಿಸುತ್ತಿದ್ದಾಗ ಏಣಿ ಹಿಡಿದು ನಿಂತು ಎಲ್ಲವನ್ನೂ ಹೇಳಿದೆ. ಉಳಿದಷ್ಟು ಹಣವನ್ನಾದರೂ ಹಿಂಪಡೆಯಲೇ ಎಂದು ಕೇಳಿದೆ.

ಅಪ್ಪ ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಇನ್ನೂ ನೀರಿನ ಸದ್ದಿತ್ತು. ಅದನ್ನು ಅಟ್ಟದಲ್ಲೇ ಬಿಟ್ಟರು.

“ನಿನ್ನ ಫಂಡು ಒಣಗಾಕೆ ಎಷ್ಟು ತಿಂಗ್ಳು ಬೇಕ್ಲಾ?”

“ಐದಾರು ವರ್ಷ ಆದ್ರೂ ಬೇಕು ಅಂತಾರಪ್ಪ. ಸರಿಯಾಗಿ ನಂಗೂ ಗೊತ್ತಿಲ್ಲ.”

“ಅಂಗಾರೆ ಈಗ್ಲೇ ಯಾಕೆ ಒಡೀತೀಯ? ಓದ್ದೋನಂತೆ, ಓದ್ದೋನು.” ಅವರು ನಕ್ಕರು. “ಗೊತ್ತಿಲ್ಲ ಅಂತ ಅವತ್ತೇ ಹೇಳಿದ್ರೂ ಕೊಡ್ತಿದ್ದೆ ಕಣ್ಲಾ.”

ಹಣವನ್ನು ನಾನು ಹಿಂಪಡೆಯಲಿಲ್ಲ. ಅದು ಬೆಳೆಯುವುದೇ ಎಂದು ಅಪ್ಪ ಆಗಾಗ ವಿಚಾರಿಸುತ್ತಾರೆ. ಗೊತ್ತಿಲ್ಲವೆಂದೇ ಉತ್ತರಿಸುತ್ತೇನೆ.