ಅತ್ತೆಯ ಹೆಸರಿಗೆ ಬಂದ ಫೋನು

ಆ ಫೆಬ್ರವರಿಯ ಬೆಳಿಗ್ಗೆಯೂ ಎಂದಿನ ಹಾಗೆ ಪರ್ಕೋಲೇಟರಿಗೆ ಕಾಫಿಪುಡಿ ಹಾಕಿದೆ, ಮಗಳಿಗೆ ಜಡೆ ಹೆಣೆದೆ, ಕಾಲು ಒದ್ದೆಯಾಗದಿರಲೆಂದು ಬೂಟಿನೊಳಗೆ ಬ್ರೆಡ್ಡಿನ ಖಾಲಿ ಚೀಲ ತೊಡಿಸಿ ಸ್ಕೂಲ್ ಬಸ್ಸಿಗೆ ಕಳಿಸಿದೆ.

"ಈಸ್ ಡ್ಯಾಡಿ ಕಮಿಂಗ್ ಟುಡೇ?" ಅಂದಳು.

"ಭಾನುವಾರ ಕಣೇ," ಅಂದೆ. ಆಮೇಲೆ ಅಡುಗೆಮನೆಯ ಫೋನಿನ ಕೆಳಗೆ ಸ್ಟೂಲ್ ಎಳೆದುಕೊಂಡು ಕೂತೆ.

ನಮ್ಮವರು ಪಕ್ಕದ ಮನೆಯಾತನ ಜೊತೆ ಕೊಲರಾಡೋ ಬೆಟ್ಟಗಳಿಗೆ ಹೋಗಿದ್ದರು. ಇಬ್ಬರೂ ನಮ್ಮೂರು ಲಿವೋನಿಯಾದ ಒಂದೇ ಆಫೀಸಿನವರು. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಜನರಿಲ್ಲದ ಇಳಿಜಾರು ಹತ್ತುವ ಹುಚ್ಚು. ಹಿಂದಿನ ವರ್ಷ ಮೂವರು ಹೋಗಿದ್ದರು. ಹಿಮ ಜಾರಿ ಬಂದು ಮೂರನೆಯವರನ್ನು ಹೂತುಹಾಕಿತು. ನಮ್ಮಲ್ಲಿ ಉಪ್ಪಿಟ್ಟು ತಿಂದು, ತಟ್ಟೆಯನ್ನು ತಾವೇ ತೊಳೆದಿಟ್ಟು ಹೋದ ಮನುಷ್ಯ. ಆ ತಟ್ಟೆ ಕೈಗೆ ಬಂದರೆ ಇವತ್ತಿಗೂ ಎಲ್ಲಕ್ಕಿಂತ ಅಡಿಯಲ್ಲಿಡುತ್ತೇನೆ.

ಅಲ್ಲಿಂದೀಚೆಗೆ ಇವರು ನಮ್ಮ ಹಿತ್ತಿಲ ಹಿಮದಲ್ಲೇ ಗುಂಡಿ ತೋಡಿ, ಹಿಮ ಜಾರುತ್ತದೋ ಇಲ್ಲವೋ ನೋಡುವ ಅಭ್ಯಾಸ ಮಾಡತೊಡಗಿದರು. ಪದರಗಳನ್ನು ಬ್ರಷ್ಷಿನಿಂದ ಸವರಿ, ಥರ್ಮಾಮೀಟರ್ ಚುಚ್ಚಿ, ತಳದ ಹಿಮವನ್ನು ನನ್ನ ಕೈಗೆ ಹಾಕಿದರು. ಒಂದಕ್ಕೊಂದು ಅಂಟದೆ ಬೆರಳ ಸಂದಿಯಿಂದ ಸುರಿದುಹೋಯಿತು.

"ತುಪ್ಪ ಬೀಳದ ರವೆ ಥರ," ಅಂದೆ.

"ಕರೆಕ್ಟ್. ಮೇಲಿನ ಗಟ್ಟಿ ಪದರ ಇದರ ಮೇಲೆ ಕೂತಿರುತ್ತೆ. ನಾವು ಕಾಲಿಟ್ಟರೆ ಇಡೀ ಇಳಿಜಾರೇ ಜಾರುತ್ತೆ. ತಳದಲ್ಲಿ ರವೆ ಕಂಡ ದಿನ ಹತ್ತೋದಿಲ್ಲ. ನಿನ್ನಾಣೆ."

ದೂರದ ಫೋನು ದುಬಾರಿಯೆಂದು ಆಗ ನಮ್ಮ ಕಡೆಯವರೆಲ್ಲ ಮಾಡುತ್ತಿದ್ದ ಉಪಾಯವನ್ನೇ ನಾವೂ ಮಾಡಿದ್ದೆವು. ಆಪರೇಟರಿಗೆ ಒಬ್ಬರ ಹೆಸರು ಹೇಳಿ ಕೇಳಿಸುವುದು. ಅವರು ಮನೆಯಲ್ಲಿಲ್ಲ ಎಂದರೆ ಬಿಲ್ಲಿಲ್ಲ. ದಿನಾ ಬೆಳಿಗ್ಗೆ ಹತ್ತುವ ಮುಂಚೆ ಇವರು ಫೋನು ಮಾಡಬೇಕು. ನನ್ನ ಹೆಸರು ಕೇಳಿದರೆ ಹಿಮ ಗಟ್ಟಿಯಿದೆ, ಹತ್ತುತ್ತಾರೆ. ಮೈಸೂರಿನಲ್ಲಿರುವ ಅತ್ತೆಯ ಹೆಸರು ಕೇಳಿದರೆ ರವೆಯಿದೆ, ಲಾಡ್ಜಿನಲ್ಲೇ ಉಳಿಯುತ್ತಾರೆ. ಕಾನ್ವೆಂಟ್ ಸಿಸ್ಟರುಗಳ ಕೈಯಲ್ಲಿ ಕಲಿತವಳು ನಾನು; ನಾನೇ ಇಲ್ಲ ಅನ್ನುವಾಗ ಕಿವಿ ಬಿಸಿಯಾಗುತ್ತಿತ್ತು. ಹಿಂದಿನ ಎರಡು ದಿನ ನನ್ನ ಹೆಸರೇ ಬಂದಿತ್ತು. ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

ಒಂಬತ್ತಕ್ಕೆ ಫೋನು ಹೊಡೆದುಕೊಂಡಿತು. ಆಪರೇಟರ್ ತಡವರಿಸುತ್ತ ಅತ್ತೆಯ ಹೆಸರು ಕೇಳಿದಳು.

"ಅವರು ಮನೆಯಲ್ಲಿಲ್ಲ," ಅಂದೆ. ಅದಂತೂ ಸುಳ್ಳಲ್ಲ. ಆಚೆ ತುದಿಯಲ್ಲಿ ಇವರ ಕೆಮ್ಮು ಕೇಳಿಸಿ ಲೈನು ಕಟ್ಟಾಯಿತು.

ಮಧ್ಯಾಹ್ನ ತಿಳಿಸಾರು ಮಾಡಿ ಎರಡು ಸಲ ಬಡಿಸಿಕೊಂಡೆ. ಹಾಗೇ ಕಣ್ಣು ಹತ್ತಿತು. ಗ್ಯಾರೇಜಿನ ಸೂರಿನ ಹಿಮ ಧೊಪ್ಪನೆ ಜಾರಿದ ಸದ್ದಿಗೆ ಎದ್ದು ಕೂತೆ. ಕಿಟಕಿಯಿಂದ ನೋಡಿದರೆ ಇವರು ತೋಡಿದ ಗುಂಡಿ ಮುಚ್ಚಿಹೋಗಿತ್ತು, ಅಲ್ಲೇನೂ ಇರಲೇ ಇಲ್ಲವೆಂಬಂತೆ. ಇವರು ಕೆಳಗೆ ಲಾಡ್ಜಿನಲ್ಲೇ ಇದ್ದಾರೆ, ಕೆಳಗೇ ಇದ್ದಾರೆ ಎಂದು ಬಾಯಲ್ಲಿ ಹೇಳಿಕೊಂಡೆ.

ಸಂಜೆ ಪಕ್ಕದ ಮನೆಯಾಕೆ ಕೂದಲಿಗೆ ಸುತ್ತಿದ ರೋಲರುಗಳ ಸಮೇತ ತನ್ನ ಗಾಜಿನ ಪಾತ್ರೆ ವಾಪಸು ಒಯ್ಯಲು ಬಂದಳು.

"ನನ್ನವನು ಈಗಷ್ಟೇ ಫೋನ್ ಮಾಡಿದ್ದ, ಹನಿ. ಇಬ್ಬರೂ ಇಳಿದು ಬಂದರಂತೆ."

"ಇಳಿದು? ಇವತ್ತು ಹತ್ತಲಿಲ್ಲವಲ್ಲ!"

"ಅಯ್ಯೋ, ಹತ್ತದೆ ಇರ್ತಾರಾ? ತಳದಲ್ಲಿ ಆ ಸಕ್ಕರೆಯಂಥ ಪುಡಿ ಹಿಮವೇ ಇತ್ತಂತೆ, ಆದರೂ ಬಿಸಿಲು ಚೆನ್ನಾಗಿತ್ತಂತೆ." ಪಾತ್ರೆಯ ಮುಚ್ಚಳ ಹುಡುಕುತ್ತಲೇ ಅಂದಳು: "ಅತ್ತೆ ಹೆಸರು ಕೇಳಿಸಿದರೆ ನೀನು ಹೊಟ್ಟೆತುಂಬ ಊಟ ಮಾಡ್ತೀಯ ಅಂತ ನಿನ್ನವನು ಅದನ್ನೇ ಕೇಳಿಸಿದನಂತಲ್ಲ? ಅದೃಷ್ಟವಂತೆ ಕಣೇ ನೀನು. ನನ್ನ ಗಂಡನಿಗೆ ಅಷ್ಟೂ ತೋಚಲ್ಲ."