ಕಾಕಾನ ಸಮುದ್ರಕ್ಕೆ ಎರಡು ದಂಡೆ

ನಮ್ಮ ಕಾಕಾ ಬರೆದ ಸಮುದ್ರಕ್ಕೆ ಎರಡು ದಂಡೆಗಳಿದ್ದವು. ಅದನ್ನು ನೋಡಿ ನಕ್ಕವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಾಕಾ ಸಿಂಧನೂರಿನಲ್ಲಿ ನಾಟಕದ ಪರದೆ ಬರೆಯುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಿತೆಂದರೆ ನಾಟಕ, ನಾಟಕವೆಂದರೆ ಕಾಕಾನ ಅರಮನೆ, ಕಾಕಾನ ಕಾಡು ಬಾಡಿಗೆಗೆ ಹೋಗಲೇಬೇಕು. ಉಳಿದ ದಿನ ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಜೋಡೆತ್ತು. ಕೈ ಖಾಲಿಯಿದ್ದ ಭಾನುವಾರ ನನ್ನನ್ನೂ ಕಾಕಿಯನ್ನೂ ಬಸ್ಸು ಹತ್ತಿಸಿ ಮಸ್ಕಿಗೆ ಕರೆದೊಯ್ಯುತ್ತಿದ್ದ. ಗುಡ್ಡದ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿನ್ನುವುದು. ಬಿಸಿಲಿಗೆ ಬಂಡೆಗಳ ಬಣ್ಣ ಹೇಗೆ ಬದಲಾಗುತ್ತದೆಂದು ಅವನು ಮೈಮರೆತು ನೋಡುವುದು.

"ಕಲ್ಲು ನೋಡಾಕ ಇಷ್ಟು ದೂರ ಬರಬೇಕನ?" ಎಂದು ಕಾಕಿ ಗೊಣಗುತ್ತಿದ್ದಳು. ಮುಂದಿನ ಸಲ ಎಲ್ಲರಿಗಿಂತ ಮೊದಲು ಬುತ್ತಿ ಕಟ್ಟಿ ನಿಲ್ಲುತ್ತಿದ್ದವಳೂ ಅವಳೇ.

ಒಮ್ಮೆ ಲಿಂಗಸುಗೂರು ಕಡೆಯ ಹಳ್ಳಿಯವರು ಸಮುದ್ರದ ಪರದೆ ಬೇಕೆಂದರು. ನಾಯಕಿ ಗಂಡನನ್ನು ಹುಡುಕಿಕೊಂಡು ಹಡಗು ಹತ್ತುವ ನಾಟಕ. ನಮ್ಮ ಮನೆಯಲ್ಲಿ ಯಾರೂ ಸಮುದ್ರ ಕಂಡವರಲ್ಲ, ನಮಗೆ ಗೊತ್ತಿದ್ದ ದೊಡ್ಡ ನೀರೆಂದರೆ ಕಾಲುವೆ. ಕಾಕಾ ಅಂಗಳದಲ್ಲಿ ಬಟ್ಟೆ ಹಾಸಿ, ನೀಲಿ ಬಳಿದು, ತೆರೆ ಎಬ್ಬಿಸಿ ಹಿಂದೆ ಸರಿದು ನಿಂತ. ಕಾಕಿ ಬಂದು ನೋಡಿದಳು.

"ಆ ಕಡೆ ದಂಡಿ ಎಲ್ಲೈತಿ? ದಂಡಿ ಕಾಣದ ನೀರಾಗ ಆ ಹೆಣ್ಮಗಳು ಯಾ ಧೈರ್ಯದ ಮ್ಯಾಲ ಹೋಗ್ತಾಳ?"

ಕಾಕಾನಿಗೂ ಹೌದೆನಿಸಿತು. ಕುಂಚ ಅವಳ ಕೈಗೇ ಕೊಟ್ಟ. ಅವಳು ಮೇಲಂಚಿಗೆ ಭತ್ತದ ಸಸಿಯ ಹಸಿರು ಎಳೆದಳು, ಅಷ್ಟು ಸಾಲದೆಂದು ಒಂದು ಜಾಲಿಗಿಡವನ್ನೂ ನಿಲ್ಲಿಸಿದಳು.

ನಾಟಕದಲ್ಲಿ ಆ ಪರದೆ ಬಿಟ್ಟ ಕೂಡಲೇ, ಗೋವಾಕ್ಕೆ ದುಡಿಯಲು ಹೋಗಿ ಬಂದವನೊಬ್ಬ ಎದ್ದು ಕೂಗಿದ: "ಇದು ಸಮುದ್ರ ಅಲ್ಲಲೇ, ತುರ್ವಿಹಾಳ ಕಾಲುವಿ!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಯಕಿಯ ಅಳುವ ಹಾಡು ಯಾರಿಗೂ ಕೇಳಿಸಲಿಲ್ಲ. ದಂಡೆ ಅಳಿಸಿಕೊಟ್ಟರೆ ಮತ್ತೆ ಒಯ್ಯುತ್ತೇವೆ ಎಂದರು ಊರವರು.

"ಆಕಿ ಬರದದ್ದು, ಹೆಂಗ ಅಳಸ್ಲಿ?" ಎಂದು ಕಾಕಾ ನನ್ನೊಬ್ಬಳ ಮುಂದೆ ಹೇಳಿದ. ಪರದೆ ಸುತ್ತಿ ಜಂತಿಗೆ ಕಟ್ಟಿದ. ದಂಡೆ ಬರೆದದ್ದು ಯಾರೆಂದು ಊರಿಗೆ ಹೇಳಲೇ ಇಲ್ಲ, ನಗೆಯನ್ನೆಲ್ಲ ತಾನೇ ಹೊತ್ತುಕೊಂಡ.

ಈಗ ನಾನು ಕರಾವಳಿಯ ಒಂದು ಸಣ್ಣ ಊರಿನಲ್ಲಿ ಟೀಚರು. ಕಾಕಿ ತೀರಿಕೊಂಡ ಮೇಲೆ ಕಾಕಾ ಕುಂಚ ಮುಟ್ಟುವುದನ್ನು ಬಿಟ್ಟಿದ್ದ, ಮಾತೂ ಕಡಿಮೆಯಾಗಿತ್ತು. ಹಟ ಹಿಡಿದು ಕರೆಸಿಕೊಂಡೆ. ಅವನು ಬಂದ ಮರುದಿನ ಬೆಳಿಗ್ಗೆ, ಮಸ್ಕಿಗೆ ಹೋಗುತ್ತಿದ್ದ ಹಾಗೆಯೇ ಬುತ್ತಿ ಕಟ್ಟಿಕೊಂಡು ಸಮುದ್ರ ನೋಡಲು ಹೊರಟೆವು.

ಮೊದಲು, ಊರಿನ ಕಲಾವಿದರು ಶಾಲೆಯ ಸಭಾಂಗಣದಲ್ಲಿ ಏರ್ಪಡಿಸಿದ್ದ ಚಿತ್ರ ಪ್ರದರ್ಶನ. ಎಲ್ಲಿ ನೋಡಿದರೂ ಸಮುದ್ರವೇ. ಕಾಕಾ ಒಂದೊಂದರ ಮುಂದೆಯೂ ನಿಂತ. "ಇವ್ರ್ಯಾರೂ ದಂಡಿ ಬರದಿಲ್ಲ ನೋಡವ್ವ," ಎಂದ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಕಾಕಿಯ ಹಸಿರು ತಪ್ಪೆಂದು ಅವನು ಇನ್ನು ಕಣ್ಣಾರೆ ಕಂಡು ಒಪ್ಪಬೇಕಲ್ಲ, ಯಾಕಾದರೂ ಕರೆಸಿದೆನೋ ಎನಿಸಿತು.

ಸಮುದ್ರದ ಹತ್ತಿರ ಬಂದೆವು. ಕಾಕಾ ಚಪ್ಪಲಿ ಕೈಯಲ್ಲಿ ಹಿಡಿದು, ಇನ್ನೊಂದು ಕೈ ಹಣೆಗೆ ಅಡ್ಡ ಇಟ್ಟು ಬಹಳ ಹೊತ್ತು ನೋಡಿದ.

"ದಂಡಿ ಐತವ್ವ," ಎಂದ. "ನಮಗ ಕಾಣಸವಲ್ದು, ಅಷ್ಟ."

ಆಮೇಲೆ ಉಸುಕಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿಯುತ್ತ ಅವನೇ ಮಾತು ತೆಗೆದ.

"ಊರಿಗೆ ಹೋದ ಕೂಡ್ಲೆ ಆ ಪರದಿ ಬಿಚ್ಚಬೇಕು. ಜಾಲಿಗಿಡದ ಬುಡಕ ಆಕಿನ್ನ ಕುಂದ್ರಸೋದು ಉಳದೈತಿ."